ಮೇನ್ ಆಫ್ ಇತ್ತು, ಆದರೂ ಕರೆಂಟ್ ಹೊಡೆಯಿತು: ಮುಚ್ಚಿಗೆಯ ಲೈಟ್ ಬದಲಿಸುವ ಬಗೆ

ಕಪ್ಪು ಬಟ್ಟೆಗೆ ಕಪ್ಪು ನೂಲಿನಲ್ಲಿ ಹೊಲಿಯುವಾಗ ತಲೆ ಮೇಲಿನ ಟ್ಯೂಬ್‌ಲೈಟ್ ಮಿಣಮಿಣ ಅನ್ನತೊಡಗಿದರೆ ಹೇಗಿರುತ್ತದೆ ಅಂತ ಹೊಲಿಗೆಯವರಿಗೆ ಮಾತ್ರ ಗೊತ್ತು. ನನ್ನ ಮಷಿನ್ ಇರುವುದು ಜಗಲಿಯ ಮೂಲೆಯಲ್ಲಿ. ಶಿರಸಿ ಪೇಟೆಯಿಂದ ಅರ್ಧ ಗಂಟೆ ಬಸ್ಸಿನ ದಾರಿ. ಸುತ್ತ ಅಡಿಕೆ ತೋಟ, ಮೇಲೆ ಹೆಂಚು, ಹೆಂಚಿನ ಕೆಳಗೆ ಮರದ ಮುಚ್ಚಿಗೆ. ಆಷಾಢದ ಮಳೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೇ ಲೈಟ್ ಬೇಕು. ಆ ಟ್ಯೂಬ್ ಹಾಕಿಸಿದ್ದು ಹಿಂದಿನ ಮಾರಿಕಾಂಬಾ ಜಾತ್ರೆಯ ಹಿಂದಿನ ಜಾತ್ರೆಗೆ, ರವಿಕೆ ರಾಶಿ ಬಿದ್ದಿದ್ದಾಗ. ಎರಡು ತುದಿಯೂ ಕರಿದಾಗಿತ್ತು. ಸ್ಟಾರ್ಟರ್ ಬದಲಿಸಿದೆ, ಆಗಲಿಲ್ಲ.

ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರೆ "ನಾಳೆ ಬತ್ತೆ" ಅಂದರು. ಮಳೆಗಾಲದ ನಾಳೆ ಅಂದರೆ ಪಂಪು ಸುಟ್ಟವರದ್ದು, ಬೋರ್ಡಿಗೆ ನೀರು ಇಳಿದವರದ್ದು ಎಲ್ಲ ಮುಗಿದ ಮೇಲಿನ ನಾಳೆ. ಅವರದ್ದೂ ತಪ್ಪಲ್ಲ. ಒಂದು ಲೈಟ್ ಪಟ್ಟಿ ತಾನೇ, ನಾನೇ ಹಾಕಿದರಾಯಿತು ಅಂತ ಪೇಟೆಯಿಂದ ನಾಲ್ಕು ಅಡಿಯ 20 ವ್ಯಾಟಿನ ಎಲ್‌ಇಡಿ ಪಟ್ಟಿ ತಂದೆ.

ಮೇನ್ ಸ್ವಿಚ್ ಆಫ್ ಮಾಡಿದೆ. ಗೋಡೆಯ ಸ್ವಿಚ್ಚೂ ಆಫ್. ಟ್ಯೂಬ್ ಉರಿಯುತ್ತಿಲ್ಲ. ಇನ್ನೇನು ಬೇಕು? ಸ್ಟೂಲ್ ಹತ್ತಿ, ಹಳೇ ಪಟ್ಟಿಯ ಕವರ್ ತೆಗೆದು, ಕೆಂಪು ವೈರಿನ ಸ್ಕ್ರೂ ಸಡಿಲ ಮಾಡಿ, ವೈರನ್ನು ಬೆರಳಲ್ಲಿ ಹಿಡಿದು ಎಳೆದೆ. ಮೊಣಕೈಯವರೆಗೆ ಯಾರೋ ಒದ್ದ ಹಾಗಾಯಿತು. ಸ್ಕ್ರೂಡ್ರೈವರ್ ಹಾರಿ ಮಷಿನ್ ಮೇಲೆ ಬಿತ್ತು. ಈಗಲೂ ಅಲ್ಲಿ ಬಣ್ಣ ಎದ್ದಿದೆ. ಕಾಲಲ್ಲಿ ಒಣ ಚಪ್ಪಲಿ ಇತ್ತು, ಸ್ಟೂಲ್ ಮರದ್ದು. ಅದಕ್ಕೇ ಬಚಾವಾದೆ.

ಕೆಳಗಿಳಿದು ನೋಡಿದರೆ ನಡುಮನೆಯ ಫ್ಯಾನ್ ತಣ್ಣಗೆ ತಿರುಗುತ್ತಿದೆ. ಮೇನ್ ಆಫ್ ಆಗಿದೆ, ಫ್ಯಾನ್ ತಿರುಗುತ್ತಿದೆ. ಅಷ್ಟು ಹೊತ್ತೂ ಅದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ!

ಅಕ್ಕನ ಗಂಡನಿಗೆ ಫೋನ್ ಮಾಡಿದೆ. ಭಾವ ಇರುವುದು ಕಾರವಾರದ ಕೋಡಿಬಾಗದಲ್ಲಿ. ವೈರ್‌ಮನ್ ಪರ್ಮಿಟ್ ಇದ್ದವರು, ವೈರಿಂಗ್ ಕೆಲಸದಲ್ಲೇ ತಲೆ ಹಣ್ಣಾದವರು. ಕತೆ ಪೂರ್ತಿ ಕೇಳಲೂ ಇಲ್ಲ. "ಇನ್ವರ್ಟರ್ ಬಂದ್ ಮಾಡಿದ್ಯನೇ ಕೂಸೆ?" ಅಂದರು.

ನಮ್ಮ ಕಡೆ ಇನ್ವರ್ಟರ್ ಇಲ್ಲದ ಮನೆ ಈಗ ಕಡಿಮೆ. ಕಾಳಿ ನದಿಯಲ್ಲೂ ಕೈಗಾದಲ್ಲೂ ಕರೆಂಟ್ ತಯಾರಾಗುವುದು ನಮ್ಮ ಜಿಲ್ಲೆಯಲ್ಲೇ. ಆದರೆ ಜೋರು ಗಾಳಿಗೆ ಕಾಡಿನ ನಡುವೆ ಲೈನ್ ಮೇಲೆ ಮರ ಬಿದ್ದರೆ ದಿನಗಟ್ಟಲೆ ಕತ್ತಲೆ. ಹಾಗಾಗಿ ಜಗಲಿ, ಅಡುಗೆಮನೆ, ನಡುಮನೆಯ ಲೈಟ್ ಫ್ಯಾನುಗಳ ಲೈನ್ ಇನ್ವರ್ಟರಿಗೆ ಸೇರಿರುತ್ತದೆ. ನೀವು ಮೇನ್ ಆಫ್ ಮಾಡಿದಿರಿ ಅಂದುಕೊಳ್ಳಿ. ಇನ್ವರ್ಟರ್ ಲೆಕ್ಕದಲ್ಲಿ ಅದು ಕರೆಂಟ್ ಹೋದ ಹಾಗೆ. ಅದು ತನ್ನ ಕೆಲಸ ಮಾಡುತ್ತದೆ, ಬ್ಯಾಟರಿಯಿಂದ 230 ವೋಲ್ಟ್ ಅದೇ ವೈರಿಗೆ ಕಳಿಸುತ್ತದೆ. ಉಲ್ಟಾ ಮಾಡಿದರೂ ಅಷ್ಟೇ. ಇನ್ವರ್ಟರಿನ ಮುಂದಿನ ಬಟನ್ ಮಾತ್ರ ಒತ್ತಿ ಮೇನ್ ಬಿಟ್ಟರೆ, ಹೆಚ್ಚಿನ ಇನ್ವರ್ಟರುಗಳಲ್ಲಿ ಹೊರಗಿನ ಕರೆಂಟ್ ಅದರೊಳಗಿಂದಲೇ ದಾಟಿ ಲೈಟಿಗೆ ಹೋಗುತ್ತಿರುತ್ತದೆ. ಎರಡನ್ನೂ ಬಂದ್ ಮಾಡಬೇಕು. ಮೊದಲು ಮೇನ್, ಆಮೇಲೆ ಇನ್ವರ್ಟರಿನ ಬಟನ್, ಆಮೇಲೆ ಇನ್ವರ್ಟರಿನ ಪ್ಲಗ್ಗನ್ನೇ ಗೋಡೆಯಿಂದ ಕಿತ್ತಿಡುವುದು. ಮಾಡಿದ ಮೇಲೆ ಮನೆ ಎಲ್ಲ ಒಂದು ಸುತ್ತು ಹಾಕಿ. ಫ್ರಿಜ್ಜು, ಫ್ಯಾನು, ದೇವರ ಮುಂದಿನ ಸಣ್ಣ ಬಲ್ಬು, ಸ್ವಿಚ್ ಬೋರ್ಡಿನ ಕೆಂಪು ಚುಕ್ಕಿ ಯಾವುದೂ ಉಸಿರಾಡಬಾರದು. ಮಾಡಿಗೆ ಸೋಲಾರ್ ಹಾಕಿಸಿದವರು ಅದರ ಸ್ವಿಚ್ಚನ್ನೂ ಮರೆಯಬೇಡಿ.

ಇಷ್ಟಾದರೂ ಯಾರಾದರೂ ಬಂದು "ಅಯ್ಯೋ ಮೇನ್ ಬಿದ್ದಿದೆ" ಅಂತ ಮೇಲೆತ್ತಿಬಿಡಬಹುದು. ನಮ್ಮನೆಯಲ್ಲಿ ಇನ್ನೂ ಹಳೇ ಕಿಟ್‌ಕ್ಯಾಟ್ ಫ್ಯೂಸ್ ಇದೆ. ಅದನ್ನು ಕಿತ್ತು ನನ್ನ ಚೀಲದಲ್ಲೇ ಹಾಕಿಕೊಂಡೆ. ಅತ್ತೆಯನ್ನು ಕವಳದ ಬಟ್ಟಲು ಸಮೇತ ಮೇನಿನ ಕೆಳಗೆ ಕುರ್ಚಿ ಹಾಕಿ ಕೂರಿಸಿದೆ. ಫ್ಯೂಸಿನ ಬದಲು ಎಂಸಿಬಿ, ಅಂದರೆ ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್, ಇರುವವರು ಅದರ ಮೇಲೆ ಟೇಪ್ ಅಂಟಿಸಿ ಒಂದು ಚೀಟಿ ಬರೆದಿಡಿ. ಚೀಟಿಗಿಂತ ಅತ್ತೆ ಗಟ್ಟಿ.

ಇನ್ನು ಟೆಸ್ಟರ್ ವಿಷಯ. ಎಲ್ಲರ ಮನೆಯಲ್ಲೂ ಇರುತ್ತದೆ, ಎಲ್ಲರೂ ಅದನ್ನು ಜಾಸ್ತಿಯೇ ನಂಬುತ್ತಾರೆ. ಅದರೊಳಗೆ ಒಂದು ಸಣ್ಣ ನಿಯಾನ್ ಬಲ್ಬು, ಒಂದು ದೊಡ್ಡ ರೆಸಿಸ್ಟರ್. ತೀರಾ ಸ್ವಲ್ಪ ಕರೆಂಟ್ ಅದರ ಮೂಲಕ ನಿಮ್ಮ ಮೈಗೆ ಇಳಿದು ಬಲ್ಬು ಹೊತ್ತುತ್ತದೆ. ಒಣ ಮರದ ಏಣಿ ಮೇಲೆ ಚಪ್ಪಲಿ ಹಾಕಿ ನಿಂತರೆ ಆ ಬೆಳಕು ಕಂಡೂ ಕಾಣದ ಹಾಗಿರಬಹುದು. ಹಗಲ ಬೆಳಕಿನಲ್ಲಂತೂ ಕೇಳುವುದೇ ಬೇಡ. ಹಾಗಾಗಿ ಟೆಸ್ಟರ್ "ಇದೆ" ಅಂದರೆ ನಂಬಿ. "ಇಲ್ಲ" ಅಂದರೆ ಅದೊಂದನ್ನೇ ನಂಬಬೇಡಿ.

ಭಾವ ಹೇಳಿಕೊಟ್ಟ ಕ್ರಮ ಹೀಗೆ. ಮೇನ್ ಬಂದ್ ಮಾಡುವ ಮೊದಲು ಕರೆಂಟ್ ಇರುವ ಪ್ಲಗ್ ಪಾಯಿಂಟಿನಲ್ಲಿ ಟೆಸ್ಟರ್ ಹಿಡಿದು, ಅದು ಬದುಕಿದೆಯಾ ನೋಡಿಕೊಳ್ಳಿ. ಆಮೇಲೆ ಎಲ್ಲ ಬಂದ್ ಮಾಡಿ, ಲೈಟಿನ ವೈರುಗಳಿಗೆ ಒಂದೊಂದಾಗಿ ಹಿಡಿಯಿರಿ. ಕೆಂಪಿಗೂ ಹಿಡಿಯಿರಿ, ಕಪ್ಪಿಗೂ, ಹಸಿರಿಗೂ. ಗೋಡೆಯ ಸ್ವಿಚ್ ಆಫ್ ಇಟ್ಟು ಒಮ್ಮೆ, ಆನ್ ಇಟ್ಟು ಒಮ್ಮೆ. ಕೊನೆಗೆ ಮೇನ್ ಹಾಕಿ ಅದೇ ಪ್ಲಗ್ ಪಾಯಿಂಟಿನಲ್ಲಿ ಟೆಸ್ಟರ್ ಇನ್ನೂ ಬದುಕಿದೆ ಅಂತ ಖಾತ್ರಿ ಮಾಡಿ, ಮತ್ತೆ ಎಲ್ಲ ಬಂದ್ ಮಾಡಿ. ಇಷ್ಟು ಹತ್ತಿ ಇಳಿಯುವುದು ಬೇಜಾರು. ನನಗೂ ಆಯಿತು. ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಎಸಿ ವೋಲ್ಟ್‌ನ ದೊಡ್ಡ ರೇಂಜಿಗೆ ಇಟ್ಟು ಕೆಂಪು ಕಪ್ಪಿನ ನಡುವೆ, ಕೆಂಪು ಹಸಿರಿನ ನಡುವೆ, ಕಪ್ಪು ಹಸಿರಿನ ನಡುವೆ ನೋಡಿ. ಮೂರೂ ಸೊನ್ನೆಯ ಹತ್ತಿರ ಇರಬೇಕು. ಮೀಟರನ್ನೂ ಮೊದಲು ಕರೆಂಟ್ ಇರುವಲ್ಲಿ ಪರೀಕ್ಷೆ ಮಾಡಿಯೇ ಹತ್ತಬೇಕು.

ಬಣ್ಣವನ್ನು ನಂಬಬೇಡಿ ಅಂತ ಭಾವ ಮೂರು ಸಲ ಹೇಳಿದರು. ನಮ್ಮಲ್ಲಿ ರೂಢಿ ಕೆಂಪು ಫೇಸ್ (ಕರೆಂಟ್ ತರುವುದು), ಕಪ್ಪು ನ್ಯೂಟ್ರಲ್ (ವಾಪಸ್ ಒಯ್ಯುವುದು), ಹಸಿರು ಅರ್ಥ್ (ಸೋರಿದ್ದನ್ನು ನೆಲಕ್ಕೆ ಇಳಿಸುವುದು). ಮೂರು ಫೇಸ್ ಇರುವ ಮನೆಯಲ್ಲಿ ಹಳದಿ, ನೀಲಿ ವೈರೂ ಫೇಸೇ ಆಗಿರುತ್ತದೆ. ಆದರೆ ಕೆಲಸದ ದಿನ ಕೆಂಪು ಕಾಯಿಲ್ ಮುಗಿದಿತ್ತು ಅಂತ ಕಪ್ಪನ್ನೇ ಎಳೆದುಬಿಟ್ಟ ಮನೆಗಳು ಬೇಕಾದಷ್ಟಿವೆ. ನೂಲು ಮುಗಿದರೆ ನಾನೂ ಹತ್ತಿರದ ಬಣ್ಣದಲ್ಲಿ ಹೊಲಿದುಬಿಡುತ್ತೇನೆ. ವ್ಯತ್ಯಾಸ ಏನು ಅಂದರೆ ರವಿಕೆ ಯಾರನ್ನೂ ಸಾಯಿಸುವುದಿಲ್ಲ.

ಈ ಕೆಲಸ ನಾವು ಮಾಡಬಹುದಾ ಅನ್ನುವ ಪ್ರಶ್ನೆಯೂ ಇದೆಯಲ್ವಾ? ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ ವೈರಿಂಗ್ ಕೆಲಸ ಲೈಸೆನ್ಸ್ ಇರುವ ಗುತ್ತಿಗೆದಾರರದ್ದು. ಆದರೆ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, ಫಿಟ್ಟಿಂಗ್ ಇಂಥವನ್ನು ಲೋಡು ಅಥವಾ ಸ್ವರೂಪ ಬದಲಾಗದ ಹಾಗೆ ಬದಲಿಸುವುದಕ್ಕೆ ವಿನಾಯಿತಿ ಇದೆ. ಹಳೇ ಲೈಟ್ ಇದ್ದ ಜಾಗಕ್ಕೆ ಹೊಸ ಲೈಟ್, ಅಷ್ಟೇ ನಮ್ಮ ಗಡಿ. ಹೊಸ ಪಾಯಿಂಟ್ ಬೇಕು, ಲೈನ್ ಎಳೆಯಬೇಕು ಅಂದರೆ ಕಾಯಬೇಕು. ಮೀಟರ್ ಮತ್ತು ಅದರ ಸೀಲು ಕರೆಂಟ್ ಕಂಪನಿ ಹೆಸ್ಕಾಂನದ್ದು, ಆ ಕಡೆ ಕೈ ಹಾಕುವ ಮಾತೇ ಇಲ್ಲ.

ಹಳೆಯದನ್ನು ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಯಾವ ವೈರ್ ಯಾವ ಸ್ಕ್ರೂಗೆ ಹೋಗಿತ್ತು ಅಂತ ಕಾಣಬೇಕು. ಟ್ಯೂಬನ್ನು ಮೊದಲೇ ತಿರುಗಿಸಿ ತೆಗೆದು ಕೆಳಗೆ ಕೊಡಿ. ಹಳೇ ಪಟ್ಟಿ ಚೋಕ್ ಸಮೇತ ಭಾರ ಇರುತ್ತದೆ. ಒಂದು ಕೈಯಲ್ಲಿ ಅದನ್ನು ಹೊತ್ತು ಇನ್ನೊಂದು ಕೈಯಲ್ಲಿ ಸ್ಕ್ರೂ ಬಿಚ್ಚುವ ಸರ್ಕಸ್ ಬೇಡ, ಕೆಳಗೊಬ್ಬರು ಇರಲಿ. ಅಡಿಕೆ ಕೊಯ್ಲಿನ ಅಲ್ಯೂಮಿನಿಯಂ ಏಣಿ ಕೊಟ್ಟಿಗೆಯಲ್ಲೇ ಇರಲಿ, ಮರದ ಏಣಿ ತನ್ನಿ.

ಪಟ್ಟಿ ಇಳಿದ ಮೇಲೆ ಮುಚ್ಚಿಗೆಯಲ್ಲಿ ತೂತು ಕಂಡಿತು, ಅದರಿಂದ ಎರಡು ವೈರು ಇಣುಕುತ್ತಿದ್ದವು. ಟಾರ್ಚ್ ಬಿಟ್ಟು ನೋಡಿದೆ. ಅಟ್ಟದ ಧೂಳು, ಜೇಡರ ಬಲೆ, ಒಂದು ಹಲ್ಲಿಯ ಮೊಟ್ಟೆ. ಇಲಿ ಕಚ್ಚಿದ ಗುರುತು ಇರಲಿಲ್ಲ. ಇದ್ದಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ವೈರ್ ಬಗ್ಗಿಸಿದರೆ ಸಿಪ್ಪೆ ಪುಡಿಪುಡಿ ಉದುರುವುದು, ಒಳಗೆ ತಾಮ್ರದ ಬದಲು ಬೆಳ್ಳಗಿನ ಅಲ್ಯೂಮಿನಿಯಂ ಕಾಣುವುದು, ಸುಟ್ಟು ಕರಿದಾಗಿರುವುದು, ಮುಚ್ಚಿಗೆಯೋ ಸ್ಲ್ಯಾಬೋ ಒದ್ದೆ ಇರುವುದು: ಇದರಲ್ಲಿ ಒಂದಿದ್ದರೂ ವೈರಿನ ತುದಿಗಳಿಗೆ ಬೇರೆ ಬೇರೆಯಾಗಿ ಟೇಪ್ ಸುತ್ತಿ, ಏಣಿ ಇಳಿದು, ಗೊತ್ತಿರುವವರನ್ನು ಕಾಯಿರಿ. ಅವರು ಬರುವ ತನಕ ಆ ಲೈನಿನ ಫ್ಯೂಸ್ ಹಾಕುವುದೂ ಬೇಡ. ಅಲ್ಯೂಮಿನಿಯಂಗೆ ತಾಮ್ರ ಸುಮ್ನೆ ಹೆಣೆದುಬಿಟ್ಟರೆ ಜಾಯಿಂಟ್ ನಿಧಾನಕ್ಕೆ ಕೆಡುತ್ತದೆ, ಬಿಸಿಯಾಗುತ್ತದೆ. ಒಣ ಮರದ ಮುಚ್ಚಿಗೆ ಮೇಲೆ ಬಿಸಿ ಜಾಯಿಂಟ್ ಅಂದರೆ ಏನಾದೀತು ಹೇಳಬೇಕಾ?

ಜೋಡಿಸುವ ಕೆಲಸ ಮಾತ್ರ ನನಗೆ ಸಲೀಸು ಅನ್ನಿಸಿತು. ಕೈ ಅದಕ್ಕೇ ಪಳಗಿದೆ. ವೈರಿನ ಸಿಪ್ಪೆ ಬೆರಳಿನ ಉಗುರಿನಷ್ಟು ಉದ್ದ, ಎಂಟು ಹತ್ತು ಮಿಲಿಮೀಟರ್, ತೆಗೆದರೆ ಸಾಕು. ಕಟರ್ ಒತ್ತಿ ಹಿಡಿದರೆ ಒಳಗಿನ ಎಳೆಗಳೂ ತುಂಡಾಗುತ್ತವೆ. ನನ್ನ ಅಭ್ಯಾಸಬಲಕ್ಕೆ ಎಳೆ ಎಣಿಸಿದೆ: 14 ಇತ್ತು. ಒಂದು ಚದರ ಮಿಲಿಮೀಟರ್ ವೈರಿನಲ್ಲಿ 0.3 ಮಿಲಿಮೀಟರಿನ 14 ಎಳೆ, ಒಂದೂವರೆಯದರಲ್ಲಿ 22 ಅಂತ ಭಾವ ಆಮೇಲೆ ಹೇಳಿದರು. ಲೈಟಿಗೆ ಇವೆರಡರಲ್ಲಿ ಒಂದಿರುತ್ತದೆ. ನಿಮ್ಮ ಕೈಯಲ್ಲಿ ಹತ್ತೇ ಎಳೆ ಉಳಿದಿದ್ದರೆ ಆ ತುದಿ ಕತ್ತರಿಸಿ ಹೊಸದಾಗಿ ಸಿಪ್ಪೆ ತೆಗೆಯಿರಿ. ಸೂಜಿಗೆ ನೂಲು ಪೋಣಿಸುವಾಗ ತುದಿ ಹೊಸೆಯುತ್ತೇವಲ್ಲ, ಹಾಗೇ ಎಳೆಗಳನ್ನು ಒಂದೇ ದಿಕ್ಕಿಗೆ ಹೊಸೆದು ಕನೆಕ್ಟರಿನ ತೂತಿಗೆ ತೂರಿಸಿ. ಒಂದೂ ಎಳೆ ಹೊರಗೆ ಚಾಚಿರಬಾರದು. ಸ್ಕ್ರೂ ಬಿಗಿದು, ವೈರನ್ನು ಒಂದು ಸಲ ಎಳೆದು ನೋಡಿ. ಬಂತಾ? ಮತ್ತೆ ಮಾಡಿ. ಹೊಲಿಗೆ ಬಿಗಿ ನೋಡಲು ರವಿಕೆ ಕಂಕುಳನ್ನು ಜಗ್ಗಿ ನೋಡುವ ಹಾಗೆ.

ಬರೀ ಹೆಣೆದು ಟೇಪ್ ಸುತ್ತುವುದು ಕಚ್ಚಾ ಹೊಲಿಗೆ. ನಮ್ಮ ಥಂಡಿಯಲ್ಲಿ ಟೇಪಿನ ಗೋಂದು ಬಿಡುತ್ತದೆ, ಟೇಪ್ ಬಾಲ ಬಿಚ್ಚಿಕೊಂಡು ನೇತಾಡುತ್ತದೆ. ಪ್ಲಾಸ್ಟಿಕ್ ಕನೆಕ್ಟರ್ ಹಾಕಿ, ಅದು ಪಟ್ಟಿಯ ಒಳಗೆ ಅಥವಾ ಸೀಲಿಂಗ್ ಬಾಕ್ಸಿನ ಒಳಗೆ ಕೂರಬೇಕು. ಅಟ್ಟದ ಧೂಳಿನಲ್ಲಿ ಬಿಡಿಯಾಗಿ ಬಿದ್ದಿರಬಾರದು.

ಕೆಂಪು ಹೊಸ ಲೈಟಿನ ಎಲ್‌ಗೆ, ಕಪ್ಪು ಎನ್‌ಗೆ. ಬಣ್ಣದಿಂದಲ್ಲ, ಪರೀಕ್ಷೆಯಿಂದ ಗೊತ್ತಾದ ಫೇಸ್ ಮತ್ತು ನ್ಯೂಟ್ರಲ್ ಅಂತ ಓದಿಕೊಳ್ಳಿ. ಲೋಹದ ಮೈ ಇರುವ ಲೈಟಾದರೆ ಹಸಿರು ಅರ್ಥ್ ವೈರ್ ಅದಕ್ಕೆ ಬೇಕೇ ಬೇಕು. ನಿಮ್ಮ ಮೇಲಿನ ತೂತಿನಲ್ಲಿ ಹಸಿರು ಇಲ್ಲ ಅಂದರೆ ಲೋಹದ ಲೈಟ್ ತರಲೇಬೇಡಿ. ಚೌಕದೊಳಗೆ ಇನ್ನೊಂದು ಚೌಕದ ಗುರುತು ಇರುವ ಪ್ಲಾಸ್ಟಿಕ್ ಮೈಯ ಲೈಟ್ ತನ್ನಿ, ಅದಕ್ಕೆ ಅರ್ಥ್ ಬೇಡ. ಹಸಿರು ವೈರ್ ಇದ್ದು ಲೈಟಿಗೆ ಬೇಡವಾದರೆ ಕತ್ತರಿಸಿ ಬಿಸಾಡಬೇಡಿ, ಒಂದು ಕನೆಕ್ಟರ್ ಹಾಕಿ ಒಳಗೇ ಮಡಚಿಡಿ. ಸ್ಕ್ರೂ ಬಲ್ಬಿನ ಹೋಲ್ಡರ್ ಹಾಕುವವರು ಫೇಸನ್ನು ನಡುವಿನ ಚುಕ್ಕಿಗೆ ಕೊಡಿ, ಸುತ್ತಲ ಸುರುಳಿಗಲ್ಲ. ಬಲ್ಬ್ ತಿರುಗಿಸುವಾಗ ಬೆರಳು ತಾಗುವುದು ಸುರುಳಿಗೆ.

ಮರದ ಮುಚ್ಚಿಗೆಗೆ ಸ್ಕ್ರೂ ಹಾಕುವುದು ಬೆಣ್ಣೆಗೆ ಹಾಕಿದ ಹಾಗೆ. ಹಲಗೆಗಲ್ಲ, ತೊಲೆಗೆ ಸಿಗುವ ಹಾಗೆ ಹಾಕಿ. ಆರ್‌ಸಿಸಿ ಆದರೆ ಹಳೇ ತೂತುಗಳನ್ನೇ ಬಳಸಲು ನೋಡಿ. ಹೊಸ ತೂತು ಕೊರೆಯುವುದಾದರೆ ವೈರಿನ ಪೈಪ್ ಹೋಗಿರುವ ಸಾಲನ್ನು ಬಿಟ್ಟು ಕೊರೆಯಿರಿ.

ಲೈಟ್ ಕೊಳ್ಳುವಾಗ ವ್ಯಾಟ್ ಮಾತ್ರ ಕೇಳಬೇಡಿ. ಹಳೇ ಟ್ಯೂಬ್ 40 ವ್ಯಾಟು, ಚೋಕ್ ತಿನ್ನುವುದು ಬೇರೆ, ಎಲ್ಲ ಸೇರಿ 50 ದಾಟುತ್ತದೆ. 20 ವ್ಯಾಟಿನ ಎಲ್‌ಇಡಿ ಸುಮಾರು ಅಷ್ಟೇ ಬೆಳಕು ಕೊಡುತ್ತದೆ. ಆದರೆ ಬಟ್ಟೆಯ ಬಣ್ಣ? ಬೆಳಕಿನ ಛಾಯೆಯನ್ನು ಡಬ್ಬದ ಮೇಲೆ ಕೆ (ಕೆಲ್ವಿನ್) ಲೆಕ್ಕದಲ್ಲಿ ಬರೆದಿರುತ್ತಾರೆ, 6500 ಕೆ ಅಂತ ಬರೆದ ಲೈಟ್ ನೀಲಿ ಛಾಯೆಯದ್ದು. ಅದರ ಕೆಳಗೆ ಕೆನೆಬಣ್ಣದ ಲೈನಿಂಗ್ ಬಿಳಿ ಥರ ಕಾಣುತ್ತದೆ. 4000 ಕೆ ತಂದರೆ ಕಣ್ಣಿಗೂ ಹಿತ, ಮ್ಯಾಚಿಂಗಿಗೂ ಹಿತ. ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸರಿಯಾಗಿ ಕಾಣುತ್ತವೆ ಅಂತ ಹೇಳುವ ಸಿಆರ್‌ಐ ಅಂತ ಒಂದು ಸಂಖ್ಯೆ ಇರುತ್ತದೆ, 80ಕ್ಕಿಂತ ಕೆಳಗಿನದ್ದು ಹೊಲಿಗೆಯವರಿಗೆ ಬೇಡ. ಏಪ್ರಿಲ್, ಮೇ ಗುಡುಗಿಗೆ ಎಲ್‌ಇಡಿಯ ಡ್ರೈವರ್ (ಅದಕ್ಕೆ ಕರೆಂಟ್ ಹದಮಾಡಿ ಕೊಡುವ ಒಳಗಿನ ಭಾಗ) ಹೋಗುವುದು ನಮ್ಮ ಕಡೆ ಮಾಮೂಲಿ. ಡಬ್ಬದ ಮೇಲೆ ಸರ್ಜ್ 4 ಕೆವಿ (ಲೈನಿನಲ್ಲಿ ಕ್ಷಣ ಮಾತ್ರ ನುಗ್ಗುವ 4 ಸಾವಿರ ವೋಲ್ಟ್ ತಡೆಯುತ್ತದೆ) ಅಂತ ಇದ್ದರೆ ಅದಕ್ಕೆ ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಕೊಡಬಹುದು.

ಕೋಡಿಬಾಗದ ಅಕ್ಕನ ಮನೆಯ ಕತೆ ಬೇರೆ. ಅಲ್ಲಿ ಶತ್ರು ಥಂಡಿಯಲ್ಲ, ಉಪ್ಪು. ಕಾಳಿ ಸಮುದ್ರ ಸೇರುವ ಜಾಗ, ಗಾಳಿಯಲ್ಲೇ ಉಪ್ಪು. ಹೊರಗಿನ ಲೈಟಿನ ಕಬ್ಬಿಣದ ಸ್ಕ್ರೂ ಎರಡು ಮಳೆಗಾಲ ಕಳೆಯುವುದರೊಳಗೆ ತಲೆ ಇಲ್ಲದ ಮೊಳೆ ಆಗುತ್ತದೆ. ವೈರಿನ ತುದಿ ಹಸಿರಾಗಿರುತ್ತದೆ, ತಾಮ್ರದ ಪಾತ್ರೆಯಲ್ಲಿ ಹುಳಿ ಇಟ್ಟ ಹಾಗೆ. ಆ ಹಸಿರಿನ ಮೇಲೇ ಹೊಸ ಜಾಯಿಂಟ್ ಹಾಕಿದರೆ ಕರೆಂಟ್ ಸರಿ ದಾಟುವುದಿಲ್ಲ, ಬಿಸಿಯಾಗುತ್ತದೆ. ತಾಮ್ರ ಹೊಳೆಯುವ ತನಕ ವೈರನ್ನು ಹಿಂದೆ ಹಿಂದೆ ಕತ್ತರಿಸುತ್ತಾ ಹೋಗಬೇಕು. ಭಾವ ಅಲ್ಲಿ ಹಾಕುವುದು ಪ್ಲಾಸ್ಟಿಕ್ ಮೈಯ, ಧೂಳು ಮಳೆ ಒಳಗೆ ಹೋಗದ ಐಪಿ 65 ಲೈಟು, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ. ವೈರ್ ಲೈಟಿಗೆ ಕೆಳಗಿನಿಂದ ಹೋಗುವ ಹಾಗೆ ಒಂದು ಜೋಲು ಬಿಡುತ್ತಾರೆ. ನೀರು ವೈರಿನ ಮೇಲೆ ಹರಿದು ಬಂದರೂ ಜೋಲಿನ ತುದಿಯಿಂದ ತೊಟ್ಟಿಕ್ಕುತ್ತದೆ, ಲೈಟಿನೊಳಗೆ ಹೋಗುವುದಿಲ್ಲ.

ನಮ್ಮನೆಗೆ ಬರೋಣ. ಹೊಸ ಪಟ್ಟಿ ಕೂತಿತು. ಕವರ್ ಮುಚ್ಚಿ, ಏಣಿ ಇಳಿದು, ಗೋಡೆಯ ಸ್ವಿಚ್ ಆಫ್ ಇಟ್ಟುಕೊಂಡೇ ಫ್ಯೂಸ್ ಹಾಕಿ ಮೇನ್ ಎತ್ತಿದೆ. ಆಮೇಲೆ ಸ್ವಿಚ್. ಬೆಳಕು ಬಂತು. ಅತ್ತೆ ಕುರ್ಚಿ ಬಿಟ್ಟೆದ್ದರು. ಆಮೇಲೆ ಇನ್ವರ್ಟರ್ ಜೋಡಿಸಿ, ಮೇನ್ ಆಫ್ ಮಾಡಿ, ಅದರ ಮೇಲೂ ಉರಿಯುತ್ತದಾ ನೋಡಿದೆ.

ರಾತ್ರಿ ನೀರು ಕುಡಿಯಲು ಎದ್ದಾಗ ಜಗಲಿಯಲ್ಲಿ ಮಿಂಚುಹುಳದಂಥ ಬೆಳಕು. ಸ್ವಿಚ್ ಆಫ್ ಇದೆ, ಪಟ್ಟಿ ಮಾತ್ರ ಮಂಕಾಗಿ ಮಿನುಗುತ್ತಿದೆ. ಬೆಳಿಗ್ಗೆ ಭಾವನಿಗೆ ಹೇಳಿದರೆ, ಮೊನ್ನೆ ಸ್ವಿಚ್ ಆಫ್ ಇದ್ದರೂ ನಿನಗೆ ಹೊಡೆದದ್ದು ಇದಕ್ಕೇ ಅಂದರು. ನಮ್ಮ ಬೋರ್ಡಿನಲ್ಲಿ ಯಾವ ಕಾಲದಲ್ಲೋ ಯಾರೋ ಸ್ವಿಚ್ಚನ್ನು ಫೇಸಿಗೆ ಹಾಕುವ ಬದಲು ನ್ಯೂಟ್ರಲ್‌ಗೆ ಹಾಕಿಬಿಟ್ಟಿದ್ದಾರೆ. ಸ್ವಿಚ್ ಆಫ್ ಮಾಡಿದರೆ ಲೈಟ್ ಆರುತ್ತದೆ, ಆದರೆ ಫೇಸ್ ಲೈಟಿನವರೆಗೂ ಬಂದು ಕೂತಿರುತ್ತದೆ. ಹಳೇ ಟ್ಯೂಬಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಎಲ್‌ಇಡಿಗೆ ಚೂರೇ ಚೂರು ಕರೆಂಟ್ ಸೋರಿದರೂ ಸಾಕು, ಮಿನುಗುತ್ತದೆ. ಆಫ್ ಮಾಡಿದಾಗಲೂ ಮಿನುಗುವ ಎಲ್ಲ ಎಲ್‌ಇಡಿಗೂ ಇದೇ ಕಾರಣ ಅಲ್ಲ. ಕೆಂಪು ಚುಕ್ಕಿ ಇರುವ ಸ್ವಿಚ್ಚಿನಿಂದಲೂ, ಉದ್ದಕ್ಕೆ ಪಕ್ಕಪಕ್ಕ ಓಡುವ ವೈರಿನಿಂದಲೂ ಹಾಗಾಗಬಹುದು. ಆದರೆ ನೋಡಿಸಿಕೊಳ್ಳಬೇಕು.

ಬೋರ್ಡ್ ಬಿಚ್ಚಲು ನಾನು ಹೋಗಲಿಲ್ಲ. ಅದರೊಳಗೆ ನಾಲ್ಕು ಸ್ವಿಚ್ಚು, ಒಂದು ರೆಗ್ಯುಲೇಟರ್, ಲೆಕ್ಕಕ್ಕೆ ಸಿಗದಷ್ಟು ವೈರು. "ನಾಳೆ ಬತ್ತೆ" ಅಂದವರು ನಾಲ್ಕನೇ ದಿನ ಬಂದು ಕಾಲು ಗಂಟೆಯಲ್ಲಿ ಸರಿ ಮಾಡಿದರು. ಭಾವ ಹೇಳಿದ್ದರಿಂದ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನೂ ಹಾಕಿಸಿದೆ. ಫ್ಯೂಸು, ಎಂಸಿಬಿ ಎಲ್ಲ ವೈರ್ ಸುಡದ ಹಾಗೆ ಕಾಯುವುದು. ಮನುಷ್ಯನ ಮೈಯಿಂದ ನೆಲಕ್ಕೆ ಕರೆಂಟ್ ಹರಿದರೆ ಬಂದ್ ಮಾಡುವುದು ಇದು. ಅದರ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಬೇಕು, ಟಪ್ ಅಂತ ಬೀಳಬೇಕು. ಅದು ಮೀಟರಿಗೂ ಇನ್ವರ್ಟರಿಗೂ ನಡುವೆ ಇದ್ದರೆ ಕರೆಂಟ್ ಹೋಗಿ ಬ್ಯಾಟರಿ ಮೇಲೆ ಮನೆ ನಡೆಯುವಾಗ ನಮ್ಮನ್ನು ಕಾಯುವುದಿಲ್ಲ. ಹಾಗಾಗಿ ಅದಿದೆ ಅಂತ ಇನ್ವರ್ಟರ್ ಬಂದ್ ಮಾಡುವುದನ್ನು ಬಿಡಬೇಡಿ.

ಒಂದು ವೇಳೆ ಯಾರಿಗಾದರೂ ಕರೆಂಟ್ ಹಿಡಿದರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಮತ್ತು ಇನ್ವರ್ಟರ್. ಅದು ಆಗದಿದ್ದರೆ ಒಣ ಮರದ ಕೋಲಿನಿಂದ ದೂಡಿ ಬಿಡಿಸಿ. ಹೇಗೆ ಬಿಡಿಸಿದರೂ 108ಕ್ಕೆ ಫೋನ್ ಮಾಡಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಜೋರಾಗಿ, ಬೇಗ ಬೇಗ ಒತ್ತುತ್ತಿರಿ.

ಹಳೇ ಪಟ್ಟಿ ಗುಜರಿಯವನಿಗೆ ಹೋಯಿತು. ಚೋಕಿನಲ್ಲಿ ತಾಮ್ರ ಇದೆ ಅಂತ ತೂಕ ಹಾಕಿ ದುಡ್ಡು ಕೊಟ್ಟ. ಟ್ಯೂಬನ್ನು ಮಾತ್ರ ಮುಟ್ಟಲಿಲ್ಲ. ಅದರೊಳಗೆ ಪಾದರಸ ಇರುತ್ತದೆ, ಒಡೆದು ತೋಟಕ್ಕೆ ಎಸೆಯುವ ಹಾಗಿಲ್ಲ. ಹಾಗಾಗಿ ಒಂದು ಹಳೇ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲೆ ಮಲಗಿಸಿದ್ದೇನೆ, ಮುಂದಿನ ಸಲ ಪೇಟೆಗೆ ಹೋಗುವಾಗ ಎಲ್ಲಿ ತೆಗೆದುಕೊಳ್ಳುತ್ತಾರೆ ಅಂತ ಕೇಳಬೇಕು.